ಶಿವಗಂಗಾ ಆರಿಸಿದ ಸರ್ವರ್

ಹೊರಗಿನವರು ಬಂದು “ನಿಮ್ಮ ಹರಪನಹಳ್ಳಿಯಲ್ಲಿ ಏನಿದೆ?” ಎಂದು ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. “ಶಿವಗಂಗಾ ಇದ್ದಾಳೆ” ಎನ್ನುತ್ತೇನೆ. ಯಾರು ಅವಳು ಎಂದು ಕೇಳಿದವರನ್ನು ಕೂರಿಸಿಕೊಂಡು ಇದಿಷ್ಟನ್ನೂ ಹೇಳದೆ ಬಿಡುವವನಲ್ಲ ನಾನು.

ಬಸ್ ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದ ಹುಡುಗಿ ಅವಳು. ತಾಯಿ ಬಸಲಿಂಗಮ್ಮ ಮಾರುಕಟ್ಟೆ ಯಾರ್ಡಿನಲ್ಲಿ ಕಾಳು ಹಸನು ಮಾಡುತ್ತಿದ್ದರು. ನಾನು ಮೆಕ್ಕೆಜೋಳ ವರ್ತಕರ ಸಂಘದ ಗುಮಾಸ್ತ. ಸಂಘದ ವೆಬ್‌ಸೈಟನ್ನು ಶಿವಗಂಗಾಳೇ ಮಾಡಿಕೊಟ್ಟಿದ್ದಳು. ದಿನದ ಧಾರಣೆಯನ್ನು ನಾನು ಅದರಲ್ಲಿ ಹಾಕಿದರೆ, ತಮಿಳುನಾಡಿನ ಕೋಳಿ ಆಹಾರದ ಕಂಪನಿಯವರು ನೋಡಿ ಲಾರಿ ಕಳಿಸುತ್ತಿದ್ದರು. ಆದರೆ ಸೈಟ್ ಇದ್ದದ್ದು ಯಾರದೋ ಕಂಪ್ಯೂಟರಿನ ಬಾಡಿಗೆ ಜಾಗದಲ್ಲಿ, ನೂರಾರು ವೆಬ್‌ಸೈಟುಗಳ ನಡುವೆ. ೨೦೦೫ರ ಸುಗ್ಗಿಯಲ್ಲಿ ಮೂರು ದಿನ ಅದು ತೆರೆಯಲೇ ಇಲ್ಲ. ಲಾರಿಗಳು ಬೇರೆ ಊರಿಗೆ ಹೋದವು.

ಸಂಘದ ಅಧ್ಯಕ್ಷ ಮಂಜಣ್ಣ ಕೆಂಡವಾಗಿ ಶಿವಗಂಗಾಳನ್ನು ಕರೆಸಿದರು. “ನೋಡವ್ವಾ, ನಮ್ದೇ ಒಂದು ಸರ್ವರ್ ತಗಳಾಣ. ಆರ್ಸೋದು ನಿನ್ ಜವಾಬ್ದಾರಿ. ಬರೋ ಸುಗ್ಗಿಯಾಗ ಒಂದ್ ದಿನ ನಿಂತ್ರೂ ಈ ಕೆಲ್ಸ ಬೆಂಗ್ಳೂರಿನವ್ರಿಗೆ ಕೊಡ್ತೀನಿ.”

ಸರ್ವರ್ ಎಂದರೆ ಸೈಟನ್ನು ಹೊತ್ತುಕೊಂಡು ಹಗಲೂ ರಾತ್ರಿ ನಿಲ್ಲದೆ ಓಡಬೇಕಾದ ಕಂಪ್ಯೂಟರ್. ನಮ್ಮೂರ ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ ಅದನ್ನು ದಾವಣಗೆರೆಯ ಇಂಟರ್ನೆಟ್ ಆಫೀಸೊಂದರಲ್ಲಿ, ಜನರೇಟರ್ ಇದ್ದ ಕೋಣೆಯಲ್ಲಿ ಇಡುವುದೆಂದಾಯಿತು. ಇಟ್ಟು ಬಂದ ಮೇಲೆ ಪಕ್ಕದಲ್ಲಿ ಕೂತು ಕಾಯುವವರು ಯಾರೂ ಇಲ್ಲ.

ಮಂಜಣ್ಣ, ಶಿವಗಂಗಾ, ನಾನು ಮೂವರೂ ದಾವಣಗೆರೆಯ ಕಂಪ್ಯೂಟರ್ ಅಂಗಡಿಗೆ ಹೋದೆವು. ಹೆಚ್ಚೂಕಡಿಮೆ ಒಂದೇ ಬೆಲೆಯ ಎರಡು ಯಂತ್ರಗಳಿದ್ದವು. ಒಂದಕ್ಕೆ ಭಾರಿ ವೇಗ, ಮುಂದೆ ನೀಲಿ ದೀಪ. ಇನ್ನೊಂದು ಕಪ್ಪು ಡಬ್ಬ, ವೇಗ ಕಡಿಮೆ. ಒಳಗೆ ಎರಡು ಡಿಸ್ಕ್, ಬರೆದದ್ದೆಲ್ಲ ಎರಡರಲ್ಲೂ ಉಳಿಯುತ್ತದೆ ಎಂದ ಅಂಗಡಿಯವನು. ಮಂಜಣ್ಣನ ಕಣ್ಣು ನೀಲಿ ದೀಪದ ಮೇಲೆ. ನನ್ನದೂ ಅಷ್ಟೇ.

“ಇದಾ ಇರ್ಲಿ ಬಿಡವ್ವಾ, ಮದುವಿ ಮದ್ಲಿಂಗನಂಗ ಐತಿ,” ಎಂದೆ.

“ಯಾರ್ಡ್‌ನ್ಯಾಗ ಮ್ಯಾಲಿನ ಕಾಳು ನೋಡಿ ಮಾಲು ತಗಂತೀರೇನ್ರಿ ನೀವು?” ಎಂದಳು ಶಿವಗಂಗಾ.

ಯಾರ್ಡಿನಲ್ಲಿ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ತಳದ ಕಾಳು ತೆಗೆದು, ಹಲ್ಲಿನಲ್ಲಿ ಕಡಿದು ಕಟಕ್ ಅಂದು ಒಣಗಿದ್ದು ಖಾತ್ರಿಯಾದ ಮೇಲೆಯೇ ಬೆಲೆಯ ಮಾತು. ಅನುಮಾನ ಬಂದರೆ ಘಟಾನುಘಟಿ ದಲ್ಲಾಳಿಗಳೂ ಬಸಲಿಂಗಮ್ಮನನ್ನೇ ಕರೆದು ಕಡಿಸುತ್ತಿದ್ದರು. ಮಗಳು ಅದನ್ನು ನೋಡುತ್ತಲೇ ಬೆಳೆದವಳು.

ಎರಡನ್ನೂ ಚಾಲೂ ಮಾಡಿಸಿ, “ಈಗ ಒಂದೊಂದು ಡಿಸ್ಕ್ ಕೀಳ್ರಿ,” ಎಂದಳು.

ಅಂಗಡಿಯವನು ಕಕ್ಕಾಬಿಕ್ಕಿಯಾದ. “ಮೇಡಂ, ಹೊಸಾ ಮಷಿನ್ರಿ!”

“ಹೊಸಾದು ಅಂತನಾ ಕೇಳಾಕತ್ತೀನ್ರಿ. ಮನಿಗೆ ಒಯ್ದ ಮ್ಯಾಲೆ ಕೇಳಿದ್ರ ಏನ್ ಬಂತು?”

ನೀಲಿ ದೀಪದ್ದಕ್ಕೆ ಇರುವುದೇ ಒಂದು ಡಿಸ್ಕ್, ಕಿತ್ತರೆ ನಿಲ್ಲುತ್ತದೆ ಎಂದು ಅವನೇ ಒಪ್ಪಿಕೊಂಡ. ಕಪ್ಪು ಡಬ್ಬದಿಂದ ಒಂದನ್ನು ಎಳೆದ. ಅದು ಕುಯ್ಯೋ ಎಂದು ಕೂಗಿತು, ಕೆಂಪು ದೀಪ ಹತ್ತಿತು. ಪರದೆಯ ಮೇಲಿನ ಪುಟ ಮಾತ್ರ ಮೊದಲಿನಂತೆಯೇ ತೆರೆಯುತ್ತಿತ್ತು.

“ಇದನ್ನ ಕಟ್ರಿ,” ಎಂದಳು.

ಮಂಜಣ್ಣ ಊರು ಮುಟ್ಟುವವರೆಗೂ ಮುಖ ಊದಿಸಿಕೊಂಡಿದ್ದರು. ಆ ಯಂತ್ರಕ್ಕೆ ‘ಕರೇ ಕೋಣ’ ಎಂದು ಹೆಸರಿಟ್ಟವನು ನಾನೇ. ಇಡೀ ಯಾರ್ಡ್ ನಕ್ಕಿತು, ಅವಳೂ ನಕ್ಕಳು.

ಮುಂದಿನ ಸುಗ್ಗಿ ಕಳೆಯಿತು. ಸೈಟ್ ಒಂದು ದಿನವೂ ನಿಲ್ಲಲಿಲ್ಲ. ಜನವರಿಯ ಸಭೆಯಲ್ಲಿ ಮಂಜಣ್ಣ ಖುಷಿಯಲ್ಲಿದ್ದರೂ ಕುಟುಕದೆ ಬಿಡಲಿಲ್ಲ. “ಏನೂ ಆಗ್ಲಿಲ್ಲ ನೋಡವ್ವಾ. ಆ ಎರಡ್ನೇ ಡಿಸ್ಕು ದಂಡ ಆತು.”

ಶಿವಗಂಗಾ ಚೀಲದಿಂದ ಒಂದು ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟಳು.

“ಇದು ನವೆಂಬರ್ ಹದಿನಾಲ್ಕಕ್ಕ ಸತ್ತೈತ್ರಿ, ಅಣ್ಣಾರ. ಮಷಿನ್ನು ನನಗ ಮೇಲ್ ಕಳಿಸ್ತು. ಮರುದಿನ ಮೊದಲ್ನೇ ಬಸ್ಸಿಗೆ ಹೋಗಿ ಬ್ಯಾರೇದು ಹಾಕಿ ಬಂದೆ. ಅವತ್ತು ನಿಮ್ಮ ಯಾರ್ಡ್‌ಗೆ ನಲವತ್ತು ಲಾರಿ ಬಂದಿದ್ವು.”

ಆ ದಿನವೂ ಧಾರಣೆ ಹಾಕಿದವನು ನಾನು. ನನಗೆ ಏನೇನೂ ಗೊತ್ತಾಗಿರಲಿಲ್ಲ.

ಮಂಜಣ್ಣ ಡಿಸ್ಕನ್ನು ತಿರುಗಿಸಿ ಮುರುಗಿಸಿ ನೋಡಿದರು. “ನಮಗ್ಯಾಕ ಹೇಳ್ಲಿಲ್ಲವ್ವಾ?”

“ಒಂದು ಸತ್ರೂ ನಿಮಗ ಗೊತ್ತಾಗಬಾರ್ದು ಅಂತನಾ ಆ ಮಷಿನ್ ಆರ್ಸಿದ್ದು ನೋಡ್ರಿ.”

ಹೆಮ್ಮೆಯಿಂದ ನನ್ನ ಎದೆ ತುಂಬಿ ಬಂತು. ಸೈಟಿನ ಕೆಲಸ ಇನ್ನು ಮುಂದೆಯೂ ಶಿವಗಂಗಾಳದೇ ಎಂದು, ಅಧ್ಯಕ್ಷರು ಬಾಯಿ ಬಿಡುವ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆದು ಸಹಿಗೆ ಅವರ ಮುಂದೆ ಹಿಡಿದೆ. ಮಂಜಣ್ಣ ಓದದೆಯೇ ಸಹಿ ಹಾಕಿದರು.