ಜಿನಮತಿಯ ತೊಂಬತ್ತಾರು ಪುಟ

ಶೇಡಬಾಳದಿಂದ ಗಡಿಯಾಚೆಯ ಮಿರಜಿಗೆ ಬಸ್ಸಿನಲ್ಲಿ ಒಂದು ತಾಸು. ಬೆಂಗಳೂರಿಗೆ ಒಂದು ಹಗಲು ಸಾಲದು. ಈ ಭಾಗದವರಾದ ನಿಮಗೆ ಗೊತ್ತೇ ಇರುವ ಈ ಸಂಗತಿ ವಿಶ್ವವಿದ್ಯಾಲಯಗಳಿಗೆ ಗೊತ್ತಾಗಲು ೧೯೮೮ ಬರಬೇಕಾಯಿತು. ಆ ವರ್ಷ ಗಡಿಯ ಈಚಿನದೊಂದು, ಆಚಿನದೊಂದು ವಿಶ್ವವಿದ್ಯಾಲಯ ಐದು ವರ್ಷದ ಒಪ್ಪಂದ ಮಾಡಿಕೊಂಡವು: ಗಡಿ ತಾಲೂಕಿನವರು ಗಣಿತದ ಸಂಶೋಧನೆಗೆ ಯಾವ ಕಡೆಯ ಮಾರ್ಗದರ್ಶಕರನ್ನಾದರೂ ಆರಿಸಿಕೊಳ್ಳಬಹುದು, ಎರಡೂ ಗ್ರಂಥಾಲಯ ಬಳಸಬಹುದು. ಹಾರ ಹಾಕಿಕೊಂಡರು, ಫೋಟೋ ತೆಗೆಸಿಕೊಂಡರು.

ಅದನ್ನು ನಿಜವೆಂದು ನಂಬಿದವಳು ಜಿನಮತಿ ಒಬ್ಬಳೇ. ಕಾಗವಾಡದ ಹೈಸ್ಕೂಲೊಂದರಲ್ಲಿ ಗಣಿತ ಹೇಳುತ್ತಿದ್ದ ಶೇಡಬಾಳದ ಹೆಣ್ಣುಮಗಳು. ಈ ಕಡೆ ಹೆಸರು ನೋಂದಾಯಿಸಿ, ಆ ಕಡೆಯ ದಾದಾಸಾಹೇಬ ಸರ್ ಬಳಿ ಕಲಿಯತೊಡಗಿದಳು. ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಮಿರಜಿನ ಬಸ್ಸು. ಅವಳದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅದಕ್ಕೇ ಸರ್ ನಾಲ್ಕಕ್ಕೆ ಖಡು, ಅಂದರೆ ಸೀಮೆಸುಣ್ಣ, ಕೆಳಗಿಟ್ಟು ಹಲಗೆ ಒರೆಸುತ್ತಿದ್ದರು.

“ಸಾಕ್ರಿ ಜಿನಮತಿಬಾಯಿ. ಗಣಿತ ನಾಳೆನೂ ಇರ್ತೈತಿ, ಹೊತ್ತು ಇರೂದಿಲ್ಲ.”

ಚುಕ್ಕಿಗಳು, ಅವನ್ನು ಕೂಡಿಸುವ ಗೆರೆಗಳು, ಇದು ಅವಳ ವಿಷಯ. ಯಾವ ಚುಕ್ಕಿ ಅಳಿಸಿದರೆ ಇಡೀ ಜಾಲ ಹೋಳಾಗುತ್ತದೆ? ಒಮ್ಮೆ ತಾಯಿ ಚಂದ್ರಮತಿ ಜೋಳ ಹಸನು ಮಾಡುತ್ತಿದ್ದಾಗ, ಜಿನಮತಿ ಆ ಮೊರದಲ್ಲೇ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಂದು ಐದು ಕಾಳಿಟ್ಟು ತೋರಿಸಿದಳು.

“ಯಾವ ಸ್ಟ್ಯಾಂಡ್ ಮುಚ್ಚಿದ್ರ ಬಸ್ ಎಲ್ಲಾ ನಿಲ್ತಾವು, ಹೇಳು.”

“ಅದಕ್ಕ ಐದ್ ವರ್ಷ ಯಾಕ ಬೇ? ಕಂಡಕ್ಟರ್‌ನ ಕೇಳಿದ್ರ ತಿಕೀಟ ಹರಿಯೂದ್ರೊಳಗ ಹೇಳ್ತಾನ.”

೧೯೯೩ರ ಜೂನಿನಲ್ಲಿ ತೊಂಬತ್ತಾರು ಪುಟದ ಪ್ರಬಂಧವನ್ನು ರಟ್ಟು ಕಟ್ಟಿಸಿ ಈ ಕಡೆಯ ವಿಶ್ವವಿದ್ಯಾಲಯದ ಕಚೇರಿಗೆ ಒಯ್ದಳು. ಗುಮಾಸ್ತ ಅಪ್ಪಾಸಾಬ ಫೈಲು ತಿರುವಿದ.

“ಒಪ್ಪಂದ ಮಾರ್ಚಿಗೇ ಮುಗದೈತ್ರಿ. ವಿದ್ಯಾರ್ಥಿಗಳು ಸೊನ್ನೆ ಅಂತ ವರದಿ ಐತಿ, ಅದಕ್ಕ ಮುಂದ ನಡಸಲಿಲ್ಲ.”

“ನಾನು ಅದೀನಲ್ರಿ.”

“ನಿಮ್ಮ ಗೈಡ್ ಆ ಕಡಿಯವರು. ಅವರು ಎಣಿಸಿರ್ತಾರಂತ ನಾವು ಬಿಟ್ಟೇವಿ.”

ಆಚೆಯ ಕಚೇರಿಯೂ ಸೊನ್ನೆಯನ್ನೇ ಬರೆದಿತ್ತು. “ತುಮ್ಹಿ ತಿಕಡಚ್ಯಾ,” ನೀವು ಆ ಕಡೆಯವರು, ಎಂದರು. ಊರು ಕರ್ನಾಟಕದ್ದಲ್ಲವೇ, ಅವರೇ ಎಣಿಸಿರಬೇಕು.

ಜಿನಮತಿ ಮರಳಿ ಬಂದು ಅಪ್ಪಾಸಾಬನ ಎದುರು ನಿಂತಳು. “ಎರಡೂ ಕಡಿ ಇದ್ದಾಕಿ ಒಂದ್ ಕಡೀನೂ ಇಲ್ಲ ಅಂದ್ರ ನಿಮ್ಮ ಎಣಿಕಿ ತಪ್ಪೈತಿ. ಪ್ರಬಂಧ ತಗೋರಿ.”

“ತಗೊಂಡು ಯಾವ ಫೈಲಿನಾಗ ಇಡ್ಲಿ, ಅಕ್ಕಾರ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಕುಗ್ಗಿಸಿತು.

ಈ ನಾಲ್ಕು ವರ್ಷದಲ್ಲಿ ಎಂಟು ಅರ್ಜಿ ಬರೆದಳು. ಉತ್ತರ ಬಂದದ್ದು ಎರಡಕ್ಕೆ. ಎರಡೂ ಇನ್ನೊಂದು ಕಡೆಗೆ ಕೈ ತೋರಿಸಿದವು.

ಸತ್ತ ಒಪ್ಪಂದವನ್ನು ಈಗ ಅವಳೊಬ್ಬಳೇ ನಡೆಸುತ್ತಿದ್ದಾಳೆ. ರವಿವಾರ ಅದೇ ಹೈಸ್ಕೂಲಿನ ಕೋಣೆಯಲ್ಲಿ ಗಡಿಯ ಎರಡೂ ಕಡೆಯ ಎಂ.ಎಸ್ಸಿ. ವಿದ್ಯಾರ್ಥಿಗಳು ಕೂಡುತ್ತಾರೆ. ನಿವೃತ್ತರಾದ ದಾದಾಸಾಹೇಬ ಸರ್ ಕಿಸೆಯಲ್ಲಿ ಖಡು ಇಟ್ಟುಕೊಂಡು ಮಿರಜಿನಿಂದ ಬರುತ್ತಾರೆ. ಪಾಠ ಇಂದಿಗೂ ನಾಲ್ಕಕ್ಕೇ ನಿಲ್ಲುತ್ತದೆ.

ಕಳೆದ ತಿಂಗಳು ನಿಪ್ಪಾಣಿಯಿಂದ ಬರುವ ಸುಗಂಧಾ ಕೇಳಿದಳು: “ಮ್ಯಾಡಮ್, ಪಿಎಚ್.ಡಿ. ಮಾಡಬೇಕಂದ್ರ ಯಾವ ಕಡಿ ಹೆಸರು ಹಚ್ಚೂನ್ರಿ?”

ಜಿನಮತಿ ಒರೆಸಿದ ಹಲಗೆಯನ್ನೇ ಮತ್ತೊಮ್ಮೆ ಒರೆಸಿದಳು.

ಅವಳ ಪ್ರಬಂಧ ಸರಿಯೋ ತಪ್ಪೋ, ಪರೀಕ್ಷಕರೊಬ್ಬರೂ ಅದನ್ನು ತೆರೆದಿಲ್ಲ. ತಪ್ಪು ಎನ್ನುವುದಕ್ಕಾದರೂ ಓದಬೇಕಲ್ಲ. ಈ ಭಾಗದ ಪದವೀಧರರೇ, ಪದವೀಧರ ಕ್ಷೇತ್ರದ ಚುನಾವಣೆಗೆ ನಿಮ್ಮ ಓಟು ಕೇಳಲು ಬಂದವರಿಗೆ ಚಹಾ ಕೊಡುವ ಮೊದಲು ಕೇಳಿ: ಆ ತೊಂಬತ್ತಾರು ಪುಟ ಓದುವವರನ್ನು ಯಾವ ತಾರೀಖಿನೊಳಗೆ ನೇಮಕ ಮಾಡಿಸುತ್ತೀರಿ? ತಾರೀಖು ಬರೆಸಿಕೊಳ್ಳದೆ ಅವರನ್ನು ಅಂಗಳದಿಂದ ಏಳಗೊಡಬೇಡಿ.