ಲಿಜ್ಜಿ ಡಫ್ ಬಾಯಿಗೆ ಮಾತು ಕೊಟ್ಟವನು

ಸ್ಕಾಟ್ಲೆಂಡಿನ ಡಂಡೀಯಲ್ಲಿ ಭಾನುವಾರದ ಪತ್ರಿಕೆ ಮನೆಗೆ ಬಂದರೆ ಮೊದಲ ಪುಟವನ್ನು ಯಾರೂ ಕೇಳುತ್ತಿರಲಿಲ್ಲ. ಒಳಗಿನ ಚಿತ್ರಕಥೆಯ ಪುಟ ಮೊದಲು ಯಾರ ಕೈಗೆ ಎನ್ನುವುದಕ್ಕೇ ಜಗಳ. ಆ ಪುಟದಲ್ಲಿ ಡಫ್ ಮನೆಯವರಿದ್ದರು. ಸೆಣಬಿನ ಮಿಲ್ಲಿನ ಲಿಜ್ಜಿ ಡಫ್, ಕೆಲಸವಿಲ್ಲದೆ ಒಲೆ ಕಾಯುವ ಅವಳ ಗಂಡ, ಐದು ಮಕ್ಕಳು. ಅವರಲ್ಲಿ ಯಾರಿಗೂ ವಯಸ್ಸಾಗುತ್ತಿರಲಿಲ್ಲ. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ ಮುಂದಿನ ಹಲ್ಲು ಬೀಳಿಸಿಕೊಂಡಿದ್ದ ಅವರ ಕಿರಿಯವನು, ನನ್ನ ಮಕ್ಕಳಿಗೆ ಹಲ್ಲು ಬಿದ್ದಾಗಲೂ ಅದೇ ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದ. ಮಿಲ್ಲುಗಳು ಮುಚ್ಚಿದವು, ಓಣಿಗಳು ನೆಲಸಮವಾದವು. ಡಫ್ ಮನೆಯವರು ಮಾತ್ರ ಅದೇ ಮೂರನೇ ಮಹಡಿಯಲ್ಲಿದ್ದರು.

ನಾನು ಆ ಪುಟದ ಮಾತಿನ ಗುಳ್ಳೆಗಳಲ್ಲಿ ಕಪ್ಪು ಶಾಯಿಯಿಂದ ಅಕ್ಷರ ಬರೆಯುತ್ತಿದ್ದೆ. ಮಾತು ಹೊಸೆದು ಕೊಡುತ್ತಿದ್ದವನು ನಾರ್ಮನ್ ಗೆಲಟ್ಲಿ. ಸಾವಿರದ ಒಂಬೈನೂರ ಐವತ್ತಾರರಲ್ಲಿ ಆ ಕೆಲಸ ಅವನ ಕೈಗೆ ಬಂತು. ತೆಳ್ಳಗಿನ ಆಳು, ಇಸ್ತ್ರಿ ಮುರಿಯದ ಕೋಟು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಮಾತು. ಇಂಥವನ ಲೇಖನಿಯಿಂದ ಲಿಜ್ಜಿಯ ಆ ಒರಟು ಮಾತು ಹೇಗೆ ಬರುತ್ತದೆಂದು ನಮಗೆಲ್ಲ ಆಶ್ಚರ್ಯ. ಪುಟದಲ್ಲಿ ಯಾರ ಹೆಸರನ್ನೂ ಹಾಕುತ್ತಿರಲಿಲ್ಲವಾದ್ದರಿಂದ ಊರಿಗೆ ಅವನು ಯಾರೆಂದೇ ಗೊತ್ತಿರಲಿಲ್ಲ.

ಮಾತು ಬರುತ್ತಿದ್ದದ್ದು ಅವನ ತಾಯಿ ಫೀಮಿಯಿಂದ. ಹದಿಮೂರನೇ ವಯಸ್ಸಿಗೆ ಮಿಲ್ಲು ಸೇರಿದವಳು. ಮಗ್ಗಗಳ ಸದ್ದಿಗೆ ಮೂವತ್ತು ತುಂಬುವುದರೊಳಗೆ ಕಿವಿ ಹೋಯಿತು. ಮಿಲ್ಲಿನ ಹೆಂಗಸರೆಲ್ಲರ ಹಾಗೆ ಅವಳೂ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಗಂಡ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಇದ್ದವನು ನಾರ್ಮನ್ ಒಬ್ಬನೇ. ಸಂಜೆ ಎದುರುಮನೆಯ ಬೆಲ್ಲಾ ಸ್ಟರ್ಟನ್ ಬಂದು ಕೂತರೆ ಫೀಮಿಯ ಬಾಯಿಗೆ ಬಿಡುವೇ ಇರಲಿಲ್ಲ.

“ಪಾದ್ರಿ ಹೆಂಡ್ತಿ ಟೋಪಿ ನೋಡ್ದೇನೆ ಬೆಲ್ಲಾ? ಕೋಳಿ ಮೊಟ್ಟೆ ಇಕ್ಕಿ ಎದ್ದೋದಂಗೈತೆ!”

“ಸುಮ್ಕಿರೇ, ಪಾದ್ರಿ ಕೇಳುಸ್ಕೊಂಡಾನು.”

“ಆವಯ್ಯ ಪ್ರಾರ್ಥ್ನೆಗೆ ಬಾಯಿ ತಗುದ್ರೆ ದೇವ್ರೇ ಗಡಿಯಾರ ನೋಡ್ಕೋಬೇಕು. ನನ್ ಮಾತು ಎಲ್ಲಿಂದ ಕೇಳ್ತದೆ!”

ನಾರ್ಮನ್ ಮೆಲ್ಲಗೆ ಎದ್ದು, ಮೆಟ್ಟಿಲ ತಿರುವಿನಲ್ಲಿದ್ದ ನಾಲ್ಕು ಮನೆಯವರ ಪಾಯಿಖಾನೆಗೆ ಹೋಗಿ, ಚಿಲಕ ಹಾಕಿಕೊಂಡು, ಸಿಗರೇಟು ಪ್ಯಾಕಿನ ಬೆನ್ನಿನ ಮೇಲೆ ಅದನ್ನೆಲ್ಲ ಗೀಚಿಕೊಳ್ಳುತ್ತಿದ್ದ. ವಾರ ಕಳೆದು ಭಾನುವಾರ ಬಂದಾಗ ಪಾದ್ರಿಯೂ ಟೋಪಿಯೂ ಪತ್ರಿಕೆಯಲ್ಲಿರುತ್ತಿದ್ದರು. ಫೀಮಿ ಕನ್ನಡಕ ಏರಿಸಿಕೊಂಡು ಓದಿ, ತೊಡೆ ತಟ್ಟಿಕೊಂಡು ನಗುತ್ತಿದ್ದಳು. “ಈ ಲಿಜ್ಜಿ ನಮ್ ಬೆಲ್ಲಾನೇ ಕಣ್ಲಾ!” ಅನ್ನುತ್ತಿದ್ದಳು. ಮಗ ಕಚೇರಿಯಲ್ಲಿ ಲೆಕ್ಕ ತಿದ್ದುತ್ತಾನೆಂದೇ ಅವಳು ಎಲ್ಲರಿಗೂ ಹೇಳುತ್ತಿದ್ದದ್ದು. ಅವನೇ ಹಾಗೆ ಹೇಳಿಟ್ಟಿದ್ದ.

ಅರವತ್ತಮೂರರ ಚಳಿಗಾಲದಲ್ಲಿ ಒಂದು ವಾರ ಅವನಿಗೆ ಏನೂ ಹೊಳೆಯಲಿಲ್ಲ. ಪುಟ ಅಚ್ಚಿಗೆ ಹೋಗಲು ಎರಡೇ ದಿನ ಉಳಿದಿದ್ದವು. ಆಗ ಅವನು ತನ್ನ ಶಾಲೆಯ ಬಹುಮಾನದ ದಿನವನ್ನು ಹೊರತೆಗೆದ.

ವಿದ್ಯಾರ್ಥಿವೇತನ ಸಿಕ್ಕು ಅವನು ಸೇರಿದ್ದ ಆ ಶಾಲೆಯಲ್ಲಿ ಡಾಕ್ಟರು, ವಕೀಲರ ಮಕ್ಕಳೇ ಹೆಚ್ಚು. ಹದಿಮೂರನೇ ವಯಸ್ಸಿನಲ್ಲಿ ಅವನಿಗೆ ಪ್ರಬಂಧದ ಬಹುಮಾನ ಬಂತು. ಫೀಮಿ ಮಿಲ್ಲಿನಿಂದ ನೇರ ಬಂದಿದ್ದಳು, ಕೂದಲ ತುಂಬ ಸೆಣಬಿನ ದೂಳು, ಮೈಯೆಲ್ಲ ಎಣ್ಣೆಯ ವಾಸನೆ. ಭಾಷಣ ಕೇಳಿಸದೆ, ಮಾತಿನ ನಡುವೆಯೇ ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟಿದಳು. ಸಭೆ ನಕ್ಕಿತು. ಆಗ ಪಕ್ಕದ ಹುಡುಗ ಕೇಳಿದ, “ಯಾರೋ ಆ ಹೆಂಗಸು? ನಿನ್ನ ಕಡೆ ಕೈ ಬೀಸ್ತಿದ್ದಾಳೆ?”

“ನಮ್ಮ ಪಕ್ಕದ ಮನೆಯವಳು. ಅಮ್ಮನಿಗೆ ಹುಷಾರಿಲ್ಲ, ಅದಕ್ಕೆ ಇವಳನ್ನ ಕಳಿಸಿದ್ದಾರೆ,” ಎಂದಿದ್ದ ನಾರ್ಮನ್.

ಈಗ ಪುಟದಲ್ಲಿ ಲಿಜ್ಜಿ ಡಫ್ ಎಣ್ಣೆ ಮೆತ್ತಿದ ಏಪ್ರನ್ನಿನಲ್ಲೇ ಶಾಲೆಗೆ ಹೋದಳು, ಹೊತ್ತಲ್ಲದ ಹೊತ್ತಲ್ಲಿ ಚಪ್ಪಾಳೆ ತಟ್ಟಿದಳು, ಮುಖ್ಯೋಪಾಧ್ಯಾಯರ ಕನ್ನಡಕ ಹಾರಿಬಿತ್ತು. ಹುಡುಗ ಹೇಳಿದ ಸುಳ್ಳನ್ನು ಮಾತ್ರ ನಾರ್ಮನ್ ಬರೆಯಲಿಲ್ಲ. ಅಕ್ಷರ ಬರೆಯುವಾಗ ನಾನು ನಕ್ಕು ನಕ್ಕು ಒಂದು ಗುಳ್ಳೆಯ ಮೇಲೆ ಶಾಯಿ ಚೆಲ್ಲಿದೆ. ಆ ಭಾನುವಾರ ಊರೆಲ್ಲ ನಕ್ಕಿತು. ಟ್ರಾಮು ನಿಂತುಹೋದ ಬೀದಿಯಲ್ಲಿ ಬಸ್ಸಿನ ಕಂಡಕ್ಟರ್ ಚಪ್ಪಾಳೆ ತಟ್ಟಿ ಟಿಕೆಟು ಕೊಡುತ್ತಿದ್ದ.

ಫೀಮಿ ನಗಲಿಲ್ಲ. ಪುಟವನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಒಂದ್ ಬಿಟ್ಬುಟ್ಟಿದ್ದೀಯ ಕಣ್ಲಾ.”

“ಏನವ್ವ?”

“ಪಕ್ಕದ್ ಮನೆಯೋಳು ಅಂದದ್ದು.”

ನಾರ್ಮನ್ ಎಳೆಯುತ್ತಿದ್ದ ಸಿಗರೇಟನ್ನು ಆರಿಸಿದ.

“ಕಿವಿ ಕೇಳಾಕಿಲ್ಲ ಅಂತ ಅಂದ್ಕಂಡಿದ್ದೆ, ಅಲ್ವಾ? ಮಗ್ಗದ್ ಆ ಕಡೆ ನಿಂತೋಳ ತುಟಿ ಓದ್ತಿದ್ದೋಳು ನಾನು. ಆ ಹಾಲ್ ಎಷ್ಟ್ ದೂರ ಇತ್ತು? ನಮ್ ಶೆಡ್ಡಿನ ಅರ್ಧಾನೂ ಇರ್ನಿಲ್ಲ.”

“ಅವ್ವ, ಆಗ ನಾನು...”

“ಆಗ ನೀ ಸಣ್ ಮಗ. ಮಕ್ಳು ಅಂತಾವೆ, ನಾ ಮನ್ಸಿಗ್ ಹಾಕ್ಕಣ್ನಿಲ್ಲ. ಈಗ್ ನಿಂಗೆ ಮೂವತ್ತೆಲ್ಡು.” ಪುಟವನ್ನು ಮಡಿಚಿ ಅವನ ಕಡೆ ತಳ್ಳಿದಳು. “ಲಿಜ್ಜಿ ಬೆಲ್ಲಾ ಅಲ್ಲ. ಇಷ್ಟು ವರ್ಸ ಕುಂತ್ ನಕ್ಕಂಡಿದ್ನಲ್ಲ, ನನ್ನ ನೋಡಿ ನಾನೇ.”

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಆದರೆ ಮಾರನೆಯ ಬೆಳಿಗ್ಗೆ ಮಗ ಕೋಟು ಹಾಕಿಕೊಳ್ಳುವಾಗ ಒಂದೊಂದೇ ಪದವನ್ನು ತೂಗಿ, “ನಾರ್ಮನ್, ಹೊರಗೆ ಮಳೆ ಇದೆ. ಛತ್ರಿ ತೆಗೆದುಕೊಂಡು ಹೋಗುತ್ತೀಯಾ?” ಎಂದಳು. ಅವನು ತಮಾಷೆ ಎಂದುಕೊಂಡ. ಸಂಜೆಯೂ ಹಾಗೇ, ಮರುವಾರವೂ ಹಾಗೇ. ರೇಡಿಯೋ ಕೇಳಿಸದ ಹೆಂಗಸು ಆ ಮಾತನ್ನು ಕಲಿತದ್ದು ಮಗನ ತುಟಿಯಿಂದಲೇ ಇರಬೇಕು. ಅವನ ಮುಂದೆ ಅವಳು ತನ್ನ ಮಾತನ್ನು ಮತ್ತೆ ಆಡಲಿಲ್ಲ. ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯವರೆಗೂ ಅವಳೂ ಬೆಲ್ಲಾನೂ ಗೊಳ್ಳೆನ್ನುವುದು ಕೇಳಿಸುತ್ತಿತ್ತು. ಇವನು ಬಾಗಿಲು ತೆರೆದೊಡನೆ ನಗು ನಿಲ್ಲುತ್ತಿತ್ತು. ಬೆಲ್ಲಾ ಎದ್ದು, “ಬತ್ತೀನಿ ಫೀಮಿ, ಸಾಹೇಬ್ರು ಬಂದ್ರು,” ಎಂದು ಹೊರಟುಬಿಡುತ್ತಿದ್ದಳು. ಕೆಲವು ಸಂಜೆ ಅವನು ಬಾಗಿಲು ತೆರೆಯದೆ ಮೆಟ್ಟಿಲ ಮೇಲೇ ಕೂತು ಕೇಳುತ್ತಿದ್ದ. ಬರೆದುಕೊಳ್ಳಲು ಕೈ ಜೇಬಿಗೆ ಹೋಗುತ್ತಿತ್ತು. ನಾಚಿಕೆಯಿಂದ ಹೊರತೆಗೆಯುತ್ತಿದ್ದ.

ಕ್ಷಮೆಯನ್ನೂ ಕೇಳಿದ. ಹೇಗೆ ಕೇಳಿದನೆಂದರೆ, ಅವಳು ಕಿಟಕಿಯ ಕಡೆ ಮುಖ ಮಾಡಿ ಆಲೂಗಡ್ಡೆ ಸುಲಿಯುತ್ತಿದ್ದಾಗ, ಹಿಂದೆ ನಿಂತು, ಅವಳ ಬೆನ್ನಿಗೆ. ಬೆನ್ನಿಗೆ ಕಣ್ಣಿರಲಿಲ್ಲ. ಹೇಳಿದ್ದಾಯಿತು ಎಂದು ತನಗೇ ಸಮಾಧಾನ ಹೇಳಿಕೊಂಡು ಆರು ವರ್ಷ ಕಳೆದ. ಕೊನೆಗೆ ಅವಳು ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಎದುರು ಕೂತು, ಮುಖಕ್ಕೆ ಬೆಳಕು ಬೀಳುವ ಹಾಗೆ ಕುರ್ಚಿ ತಿರುಗಿಸಿಕೊಂಡು ಎಲ್ಲವನ್ನೂ ಹೇಳಿದ. ಅವಳು ಕೊನೆಯ ಪದದವರೆಗೂ ಅವನ ತುಟಿ ನೋಡಿದಳು.

“ಅರ್ಥವಾಯಿತು, ನಾರ್ಮನ್,” ಎಂದಳು. ಅವನ ಕೈ ಹಿಡಿದುಕೊಂಡಳು. ಆದರೆ ಆಡಿದ್ದು ಅವನ ಮಾತಿನಲ್ಲೇ.

ಅವಳು ಹೋದ ಮೇಲೂ ಅವನು ಹದಿನೈದು ವರ್ಷ ಬರೆದ. ಹೊಸ ಮಾತು ಹುಟ್ಟುವ ಕಡೆ ಇರಲಿಲ್ಲ. ಹಳೆಯ ಸಿಗರೇಟು ಪ್ಯಾಕುಗಳನ್ನೇ ಮತ್ತೆ ಮತ್ತೆ ತಿರುವಿದ. ಓದುವವರಿಗೆ ಬೇಕಾದದ್ದೂ ಅದೇ. ಕೆನಡಾದಿಂದ, ನ್ಯೂಜಿಲೆಂಡಿನಿಂದ ಕಾಗದ ಬರುತ್ತಿದ್ದವು: ಈ ಪುಟ ಓದಿದರೆ ನಮ್ಮವ್ವ ಅಡಿಗೆಮನೆಯಲ್ಲಿ ಮಾತಾಡಿದ ಹಾಗಾಗುತ್ತದೆ, ದಯವಿಟ್ಟು ಏನನ್ನೂ ಬದಲಾಯಿಸಬೇಡಿ. ಅವನು ಒಂದೊಂದಕ್ಕೂ ಕೈಯಾರೆ ಉತ್ತರ ಬರೆಯುತ್ತಿದ್ದ. ಕೆಳಗೆ ತನ್ನ ಹೆಸರು ಹಾಕುತ್ತಿರಲಿಲ್ಲ.

ಇದನ್ನೆಲ್ಲ ಅವನು ನನಗೆ ಹೇಳಿದ್ದು ಕೆಲಸ ಬಿಟ್ಟ ದಿನ, ಮೇಜಿನ ಖಾನೆಗಳನ್ನು ಖಾಲಿ ಮಾಡುತ್ತ. ಆ ಪುಟಕ್ಕೆ ನಾನೂ ಶಾಯಿ ಚೆಲ್ಲುವಷ್ಟು ನಕ್ಕಿದ್ದೆನೆಂದು ಒಪ್ಪಿಕೊಂಡೆ.

“ನಗಲಿ ಎಂದೇ ತಾನೆ ಬರೆದದ್ದು,” ಎಂದ. ಕೊನೆಯ ಖಾನೆ ಮುಚ್ಚಿ, “ಚೆನ್ನಾಗಿತ್ತಾ ಪುಟ?” ಎಂದು ಕೇಳಿದ.

ಚೆನ್ನಾಗಿತ್ತು. ಅವನು ಬರೆದವುಗಳಲ್ಲೆಲ್ಲ ಅದೇ ಚೆನ್ನಾಗಿತ್ತು. ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.