ಹಳೇ ಗಿರಣಿಯೊಳಗಿನ ಕಾರು

ಸೈಲೆನ್ಸರ್ ಕಿತ್ತ ವಾಹನಗಳ ಹಾವಳಿಯ ಬಗ್ಗೆ ಪತ್ರಿಕೆಗೆ ಮೂರು ಕಾಲಂ ಸುದ್ದಿ ಬರೆದ ವಾರವೇ ನಾನು ತಿಳವಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ, ಸೈಲೆನ್ಸರ್ ಕಿತ್ತ ಕಾರಿನ ಪಕ್ಕ, ಕಿವಿಗೆ ಹತ್ತಿ ತುರುಕಿಕೊಂಡು ನಿಂತಿದ್ದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಕಾರು ನನ್ನ ಶಾಲೆಯ ಗೆಳೆಯನದು. ವೃತ್ತಿಯಲ್ಲಿ ಮೆಕ್ಯಾನಿಕ್ ಆದ ಅವನು ಹಳೆಯ ಸಣ್ಣ ಕಾರೊಂದನ್ನು ತಂದು, ಹಿಂದಿನ ಸೀಟು ತೆಗೆದು, ಎಂಜಿನ್ ಬಿಚ್ಚಿ ಕಟ್ಟುತ್ತಾ ಎರಡು ವರ್ಷ ಕಳೆದಿದ್ದ. ಮರುದಿನ ಸವಣೂರಿನ ಹತ್ತಿರ, ಗೋವಿನಜೋಳ ಕೊಯ್ದ ಹೊಲದಲ್ಲಿ ಕಾರುಗಳ ಓಟವಿತ್ತು. ಅವನ ಹೆಂಡತಿ ಹಿರೇಕೆರೂರಿನ ಕಡೆ ಶಿಕ್ಷಕಿ. ಎರಡು ಬಸ್ಸು ಬದಲಿಸಿ ಶಾಲೆಗೆ ಹೋಗುವವರು. ಅವರು ಗಡುವು ಕೊಟ್ಟಿದ್ದರು. ಅಂದು ಸಂಜೆ ಐದರೊಳಗೆ ಕಾರು ನೆಟ್ಟಗೆ ಓಡಿದರೆ ಓಟಕ್ಕೆ ಹೋಗಬಹುದು. ಇಲ್ಲವಾದರೆ ಸೈಲೆನ್ಸರ್, ಸೀಟು ಎರಡೂ ವಾಪಸ್ ಕೂರಬೇಕು, ಕಾರು ಅವರ ಶಾಲೆಯ ದಾರಿ ಹಿಡಿಯಬೇಕು.

ನಾನು ಹೋದಾಗ ಮೂರೂವರೆ. ಶಿಕ್ಷಕಿ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದರು.

"ಇನ್ನ ಎಷ್ಟೊತ್ತರೀ?"

"ಕಾರ್ಬುರೇಟರ್ ಒಂದು ಸೆಟ್ ಆದ್ರ ಮುಗೀತು," ಎಂದ ಗೆಳೆಯ.

"ಮೂರು ದಿನದಿಂದ ಇದ ಪಾಠ ಓದಾಕತ್ತೀರಿ. ಪಾಸ್ ಆಗೂದು ಯಾವಾಗ?"

ಅವನು ಕೀಲಿ ತಿರುಗಿಸಿದ. ಎಂಜಿನ್ನಿನಿಂದ ಹೊರಟ ನಾಲ್ಕು ಗಿಡ್ಡ ಪೈಪುಗಳು ಕೆಳಗೆ ಒಂದಾಗಿ ನೇರ ಬಯಲಿಗೆ ಬಾಯಿ ತೆರೆದಿದ್ದವು. ಧಡಧಡ ಸದ್ದಿಗೆ ತಗಡುಗಳೆಲ್ಲ ನಡುಗಿದವು. ಆದರೆ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಏರುವ ಬದಲು ಕೆಮ್ಮುತ್ತಿತ್ತು.

ಆ ಶೆಡ್ಡು ಹಿಂದೆ ಡೀಸೆಲ್ ಎಂಜಿನ್ನಿನ ಹಿಟ್ಟಿನ ಗಿರಣಿಯಾಗಿತ್ತು, ಮುಚ್ಚಿ ವರ್ಷಗಳಾಗಿದ್ದವು. ಅಂದು ಬೆಳಿಗ್ಗೆಯಿಂದ ಊರಲ್ಲಿ ಕರೆಂಟ್ ಇರಲಿಲ್ಲ, ಹೊಸ ಗಿರಣಿ ಬಂದ್ ಆಗಿತ್ತು. ಈ ಎರಡೂ ಸಂಗತಿ ನನಗೆ ಗೊತ್ತಿದ್ದವು. ಅವನ್ನು ಜೋಡಿಸಿ ನೋಡುವುದು ಮಾತ್ರ ನನಗೆ ಹೊಳೆಯಲಿಲ್ಲ. ಊರಿಗೆ ಹೊಳೆಯಿತು. ಹತ್ತು ನಿಮಿಷದಲ್ಲಿ ಮೂವರು ಹೆಂಗಸರು ಚೀಲ, ಡಬ್ಬಿಗಳಲ್ಲಿ ಜೋಳ ತುಂಬಿಕೊಂಡು ಬಂದು ಬಾಗಿಲಲ್ಲಿ ಸಾಲಾಗಿ ನಿಂತರು. ಮುಂದಿನವರು ಒಬ್ಬ ಮುದುಕಿ, ತಲೆಯ ಮೇಲೆ ಚೀಲ.

"ಗಿರಣಿ ಮತ್ತ ಚಾಲೂ ಮಾಡಿದ್ದು ಚಲೋ ಆತು ನೋಡು ತಮ್ಮಾ. ಸಣ್ಣಗ ಬೀಸು. ರವಾ ಮಾಡಬ್ಯಾಡ."

"ಯವ್ವಾ, ಇದು ಗಿರಣಿ ಅಲ್ಲ, ಕಾರು!"

"ಇಷ್ಟು ಒದರತೈತಿ, ಹಿಟ್ಟು ಬೀಸಾಕ ಬರಂಗಿಲ್ಲೇನು?"

ಶಿಕ್ಷಕಿ ನಕ್ಕ ರಭಸಕ್ಕೆ ಕೆಂಪು ಪೆನ್ನು ಕೆಳಗೆ ಬಿತ್ತು. ಮುದುಕಿ ಮಾತ್ರ ಚೀಲ ಇಳಿಸಿ, ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದರು.

"ಕುಂಟಾಕತ್ತೈತಿ. ಮೂರು ಕಾಲಿನ ಎಮ್ಮಿ ನಡದಂಗ." ಬಾನೆಟ್ಟಿನೊಳಗೆ ಬಗ್ಗಿ ಪೈಪುಗಳನ್ನು ನೋಡಿದರು. "ಈ ನಾಕೂ ಕಾಯ್ತಾವೇನು?"

"ಕಾಯ್ತಾವ. ಮುಟ್ಟಬ್ಯಾಡಬೇ!"

"ಹಂಚು ಕಾದದ್ದನ್ನ ಯಾರರ ಮುಟ್ಟಿ ನೋಡ್ತಾರೇನು?"

ಪಕ್ಕದಲ್ಲಿದ್ದ ನೀರಿನ ಬಕೆಟ್ಟಿನಲ್ಲಿ ಬೆರಳದ್ದಿ, ರೊಟ್ಟಿಯ ಹಂಚಿಗೆ ಚಿಮುಕಿಸುವಂತೆ ಪೈಪುಗಳ ಮೇಲೆ ಒಂದೊಂದಾಗಿ ನೀರು ಚಿಮುಕಿಸಿದರು. ಮೊದಲನೆಯದು ಚುರ್ ಎಂದಿತು. ಎರಡನೆಯದೂ ಚುರ್. ಮೂರನೆಯದರ ಮೇಲೆ ಹನಿಗಳು ಸುಮ್ಮನೆ ಜಾರಿ ಇಳಿದವು. ನಾಲ್ಕನೆಯದು ಮತ್ತೆ ಚುರ್.

"ಇದರ ಒಲಿ ಹತ್ತೇ ಇಲ್ಲಲ್ಲೋ!"

ಗೆಳೆಯ ಹಣೆ ಚಚ್ಚಿಕೊಂಡು ಎಂಜಿನ್ ನಿಲ್ಲಿಸಿದ. ಮೂರನೆಯ ಪ್ಲಗ್ಗಿನ ವೈರು ರಬ್ಬರ್ ಟೊಪ್ಪಿಗೆಯ ಕೆಳಗೆ ಸೀಳಿಹೋಗಿತ್ತು. ಕಿಡಿ ಒಳಗೆ ಹೋಗುತ್ತಲೇ ಇರಲಿಲ್ಲ. ಮೂರು ದಿನ ಬೈಸಿಕೊಂಡದ್ದು ಪೆಟ್ರೋಲು ಉಣಿಸುವ ಪಾಪದ ಕಾರ್ಬುರೇಟರ್. ರಿಪೇರಿಗೆ ನಿಂತಿದ್ದ ತನ್ನದೇ ಇನ್ನೊಂದು ಗಾಡಿಯ ವೈರು ತಂದು ಹಾಕಿದ.

ನಾಲ್ಕು ಇಪ್ಪತ್ತಕ್ಕೆ ಮತ್ತೆ ಕೀಲಿ ತಿರುಗಿತು. ಈ ಸಲ ಕೆಮ್ಮಲಿಲ್ಲ, ಗರ್ಜಿಸಿತು. ಉತ್ತರಪತ್ರಿಕೆಗಳು ಹಾರಿದವು. ಜೋಳದ ಡಬ್ಬಿಗಳು ನೆಲದ ಮೇಲೆ ತಾವೇ ಸರಿದಾಡಿದವು. ನಾನು ಕುಣಿದೆನೆಂದು ಗೆಳೆಯ ಈಗಲೂ ಹೇಳುತ್ತಾನೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅದು ದಾಖಲಾಗಿಲ್ಲ.

"ಆತಲ್ಲ?" ಎಂದ ಅವನು, ಹೆಂಡತಿಯತ್ತ ತಿರುಗಿ.

"ಓಡಿದ್ರ ಅಂದಿದ್ದೆ. ಇನ್ನೂ ನಿಂತೈತಿ."

"ನನ್ನ ಹಿಟ್ಟು?" ಎಂದರು ಮುದುಕಿ.

ತಾಲ್ಲೂಕು ಕೇಂದ್ರ ಹಾನಗಲ್ಲಿನಲ್ಲಿ ಕರೆಂಟ್ ಇತ್ತು, ಗಿರಣಿಯೂ ನಡೆಯುತ್ತಿತ್ತು. ಶಿಕ್ಷಕಿ ಸೆರಗು ಸಿಕ್ಕಿಸಿಕೊಂಡು ಸ್ಟೇರಿಂಗ್ ಮುಂದೆ ಕುಳಿತರು. "ನಾ ಓಡ್ಸಿ ನೋಡ್ತೇನಿ. ನಿಮ್ಮ ಪೇಪರು ನೀವ ತಿದ್ದಿದ್ರ ಹೆಂಗ?"

ಮುದುಕಿಗೆ ಪಕ್ಕದ ಸೀಟು, ಎದೆಗೆ ಅಡ್ಡಲಾಗಿ ಅಗಲದ ಬೆಲ್ಟು. ಸೀಟಿಲ್ಲದ ಹಿಂಭಾಗದಲ್ಲಿ ಮೂವರ ಜೋಳ ಮತ್ತು ನಾನು. ಸೈಲೆನ್ಸರ್ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ ಎಂದು ನಾನು ಸ್ಪಷ್ಟವಾಗಿ ಹೇಳಿದೆ. ಯಾರಿಗೂ ಕೇಳಿಸಲಿಲ್ಲ.

ದಾರಿಯುದ್ದಕ್ಕೂ ಗದ್ದೆಯಲ್ಲಿದ್ದವರು ಎದ್ದು ನಿಂತು ನೋಡಿದರು. ಮುದುಕಿ ಒಬ್ಬೊಬ್ಬರಿಗೂ ಕೈ ಬೀಸಿದರು. ಪ್ರತಿ ಗೇರಿಗೂ ನಾನು ಜೋಳದ ಚೀಲವನ್ನು ತಬ್ಬಿಕೊಂಡೆ, ನಗು ತಡೆಯಲಾಗದೆ.

ಐದಕ್ಕೆ ಇನ್ನೂ ಎರಡು ನಿಮಿಷವಿರುವಾಗ ಹಾನಗಲ್ಲಿನ ಗಿರಣಿಯ ಮುಂದೆ ನಿಂತೆವು. ಹಿಂದೆಯೇ ಬೈಕಿನಲ್ಲಿ ಬಂದ ಗೆಳೆಯ, ಹೆಲ್ಮೆಟ್ ತೆಗೆಯದೆಯೇ ಕೇಳಿದ.

"ಪಾಸೋ, ಫೇಲೋ?"

ಶಿಕ್ಷಕಿ ಇಳಿದರು. ಮುಖ ಅರಳಿತ್ತು.

"ಪಾಸ್. ಗಾಡಿ ನಾಳೆ ಓಟಕ್ಕ ಹೊಕ್ಕೈತಿ." ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಆದ್ರ ಓಡ್ಸಾಕಿ ನಾನು," ಎಂದರು.

ಅವನು ಹೆಂಡತಿಯನ್ನೊಮ್ಮೆ, ಕಾರನ್ನೊಮ್ಮೆ ನೋಡಿದ. ನಿಧಾನವಾಗಿ ಹೆಲ್ಮೆಟ್ ಬಿಚ್ಚಿ ಅವರ ಕೈಗೆ ಕೊಟ್ಟ.

"ನಿನಗ ದೊಡ್ಡದಾಗ್ತೈತಿ."

"ಒಳಗ ತಲಿಗೆ ಅರಿವಿ ಸುತ್ಕೊಂತೇನಿ."

ಗಿರಣಿಯ ಒಳಗಿನಿಂದ ಮುದುಕಿಯ ದನಿ ಎಲ್ಲ ಸದ್ದನ್ನೂ ಮೀರಿ ಕೇಳಿತು: "ಸಣ್ಣಗ ಬೀಸ್ರಿ!"